ಅಮೀರ್‌ಬಾಯಿ ಕರ್ನಾಟಕಿ: ಬದುಕು ಮತ್ತು ಕಲಾಸಾಧನೆ

ಪೀಠಿಕೆ

ಭಾರತೀಯ ವಾಕ್ಚಿತ್ರಗಳ ಮೊದಲ ಎರಡು ದಶಕಗಳಲ್ಲಿ ನಟಿಯಾಗಿ, ಗಾಯಕಿಯಾಗಿ, ಸಂಗೀತ ನಿರ್ದೇಶಕಿಯಾಗಿ ಹೆಸರು ಮಾಡಿದ ಅಮೀರ್‌ಬಾಯಿ ಕರ್ನಾಟಕಿ ಅವರು ಬಿಜಾಪುರ ಸೀಮೆಯ ಬೀಳಗಿಯವರು. ಹಿಂದಿ ಚಿತ್ರಸಂಗೀತದ ಚರಿತ್ರೆಯನ್ನು ಬರೆಯುವ ಯಾರೂ ಇವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ಕನ್ನಡ ಚಲನಚಿತ್ರದ ಚರಿತ್ರೆಯಲ್ಲಿ ಇವರಿಗೆ ದೊರೆತಿರುವ ಸ್ಥಳ ಅತ್ಯಲ್ಪ. ಕನ್ನಡ ಸಂಸ್ಕೃತಿಯ ಚರಿತ್ರೆಯಲ್ಲಿಯೂ ಇವರ ಪ್ರಸ್ತಾಪ ಬಹುಕಾಲ ಅಡಿಟಿಪ್ಪಣಿಯ ಮಟ್ಟದಲ್ಲಿಯೇ ಉಳಿದಿತ್ತು. ರಹಮತ್ ತರೀಕೆರೆ ಅವರು ಬರೆದ ಜೀವನಕಥನವು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಆ ಕೃತಿಯ ನಂತರ ಅಮೀರ್‌ಬಾಯಿ ಅವರನ್ನು ಕುರಿತು ಕನ್ನಡದಲ್ಲಿ ಹೊಸದಾಗಿ ಮಾತನಾಡುವುದು ಸಾಧ್ಯವಾಗಿದೆ.

ಒಬ್ಬ ಕಲಾವಿದೆ ಯಾವ ಭಾಷೆಯಲ್ಲಿ ಹಾಡಿದಳು ಎಂಬುದರ ಮೇಲೆ ಆಕೆ ಯಾರವಳು ಎಂಬುದನ್ನು ನಿರ್ಧರಿಸುವ ಕ್ರಮ ನಮ್ಮ ಚರಿತ್ರೆಯ ಬರವಣಿಗೆಯಲ್ಲಿ ಬೇರೂರಿದೆ. ಈ ಕ್ರಮದಿಂದ ಅತಿ ಹೆಚ್ಚು ನಷ್ಟ ಅನುಭವಿಸಿದ್ದು ಉತ್ತರ ಕರ್ನಾಟಕದ ಕಲಾವಿದರು; ಅವರಲ್ಲಿಯೂ ಮಹಿಳೆಯರು; ಅವರಲ್ಲಿಯೂ ವಿಶೇಷವಾಗಿ ಮುಸ್ಲಿಂ ಸಮುದಾಯದಿಂದ ಮತ್ತು ವೃತ್ತಿಗಾಯನದ ಹಿನ್ನೆಲೆಯಿಂದ ಬಂದ ಮಹಿಳೆಯರು. ಅಮೀರ್‌ಬಾಯಿ ಅವರ ಬದುಕನ್ನು ಕಾಲಾನುಕ್ರಮದಲ್ಲಿ ನಿರೂಪಿಸುತ್ತ, ಅದನ್ನು ರೂಪಿಸಿದ ಸೀಮೆ, ರಂಗಭೂಮಿ ಹಾಗೂ ತಂತ್ರಜ್ಞಾನದ ಸಂದರ್ಭಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸೀಮೆಯ ಹಿನ್ನೆಲೆ

ಬೀಳಗಿಯು ಇಂದು ಬಾಗಲಕೋಟೆ ಜಿಲ್ಲೆಯ ತಾಲೂಕು ಕೇಂದ್ರ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಅದು ಬಿಜಾಪುರ ಜಿಲ್ಲೆಗೆ ಸೇರಿತ್ತು. ಅಮೀರ್‌ಬಾಯಿ ಅವರು ಹುಟ್ಟಿದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತದ ಭಾಗಗಳಾಗಿದ್ದವು. ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತದ ಗಡಿಗಳು ಹೀಗೆ ಬೇರೆಯಾಗಿದ್ದರೂ ಈ ಸೀಮೆಯ ಜನರ ನಡುವೆ ಮಾತು, ಹಾಡು, ಉರುಸು, ಜಾತ್ರೆಗಳ ಕೊಡುಕೊಳೆ ನಿರಂತರವಾಗಿತ್ತು.

ಬಿಜಾಪುರವು ಆದಿಲಶಾಹಿ ಅರಸರ ರಾಜಧಾನಿ. ಎರಡನೆಯ ಇಬ್ರಾಹಿಂ ಆದಿಲಶಾಹನು ದಖನಿಯಲ್ಲಿ ರಚಿಸಿದ ಕಿತಾಬ್-ಎ-ನವರಸ್ ಎಂಬ ಗೀತಗ್ರಂಥವು ಸರಸ್ವತಿಯನ್ನೂ ಗಣಪತಿಯನ್ನೂ ಕಲಬುರ್ಗಿಯ ಖ್ವಾಜಾ ಬಂದೇನವಾಜರನ್ನೂ ಸ್ಮರಿಸುತ್ತದೆ. ಸಂಗೀತವನ್ನು ಧರ್ಮದ ಬೇಲಿಯೊಳಗೆ ಕೂಡಿಹಾಕದ ಈ ಪರಂಪರೆ ಅರಮನೆಯೊಂದಿಗೆ ಅಳಿಯಲಿಲ್ಲ. ದರ್ಗಾದ ಕವ್ವಾಲಿ, ಮೊಹರಮ್ಮಿನ ರಿವಾಯತು, ತತ್ವಪದ, ಶ್ರೀಕೃಷ್ಣ ಪಾರಿಜಾತದ ಬಯಲಾಟ ಇವೆಲ್ಲವೂ ಒಂದೇ ಊರಿನ ಕಿವಿಗೆ ಬೀಳುತ್ತಿದ್ದವು. ಕನ್ನಡ, ದಖನಿ, ಮರಾಠಿ ಮೂರನ್ನೂ ಬಲ್ಲವರು ಇಲ್ಲಿ ಸಾಮಾನ್ಯರಾಗಿದ್ದರು. ಮುಂದೆ ಅಮೀರ್‌ಬಾಯಿ ಅವರು ಉರ್ದು ಗಜಲನ್ನೂ ಗುಜರಾತಿ ಭಜನೆಯನ್ನೂ ಒಂದೇ ಬಗೆಯ ಸಲೀಸಿನಿಂದ ಹಾಡಿದ್ದನ್ನು ವಿಶೇಷ ಪ್ರತಿಭೆಯೆಂದು ಮಾತ್ರ ವಿವರಿಸಿದರೆ ಸಾಲದು. ಹಲವು ಭಾಷೆಗಳನ್ನು ಒಟ್ಟಿಗೆ ಬದುಕುವ ಸೀಮೆಯೊಂದು ತನ್ನ ಮಗಳಿಗೆ ಕೊಟ್ಟ ಬಳುವಳಿ ಅದು ಎಂದು ಗ್ರಹಿಸಬೇಕಾಗುತ್ತದೆ.

ಭೌಗೋಳಿಕ ಕಾರಣವೂ ಇದಕ್ಕೆ ಸೇರುತ್ತದೆ. ಬಿಜಾಪುರದಿಂದ ಹೊಟಗಿ, ಸೊಲ್ಲಾಪುರಗಳ ಮೂಲಕ ಮುಂಬಯಿಗೆ ರೈಲು ಸಂಪರ್ಕವಿತ್ತು. ವಾಡಿ, ಶಹಾಬಾದ, ಕಲಬುರ್ಗಿಗಳೂ ಮುಂಬಯಿ-ಮದರಾಸು ಮಾರ್ಗದ ಮೇಲೆಯೇ ಇದ್ದವು. ಹೀಗಾಗಿ ಈ ಭಾಗದ ಕಲಾವಿದರಿಗೆ ಮೈಸೂರು, ಬೆಂಗಳೂರುಗಳಿಗಿಂತ ಮುಂಬಯಿ, ಪುಣೆ, ಕೊಲ್ಲಾಪುರಗಳು ಹತ್ತಿರವಾಗಿದ್ದವು. 1916ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಎಸ್.ಎಂ. ಪಂಡಿತ ಅವರು ಮುಂಬಯಿಗೆ ಹೋಗಿ ಸಿನಿಮಾ ಭಿತ್ತಿಚಿತ್ರಗಳಿಂದಲೂ ಪೌರಾಣಿಕ ವರ್ಣಚಿತ್ರಗಳಿಂದಲೂ ಮನೆಮಾತಾದದ್ದು ಇದೇ ದಾರಿಯಲ್ಲಿ. ಅಮೀರ್‌ಬಾಯಿ ಅವರ ಪಯಣವನ್ನು ಈ ದೊಡ್ಡ ವಲಸೆಯ ಭಾಗವಾಗಿಯೇ ನೋಡಬೇಕು.

ಕಂಪನಿ ನಾಟಕ ಮತ್ತು ಮಹಿಳೆ

ಅಮೀರ್‌ಬಾಯಿ ಅವರದು ಸಂಗೀತ ಮತ್ತು ನಾಟಕವನ್ನು ನಂಬಿದ ಮನೆತನ. ಐವರು ಅಕ್ಕತಂಗಿಯರಲ್ಲಿ ಇವರು ಮತ್ತು ಹಿರಿಯ ಸೋದರಿ ಗೌಹರ್‌ಬಾಯಿ ಹೆಚ್ಚು ಪ್ರಸಿದ್ಧರಾದರು. ಆ ಕಾಲದ ಉತ್ತರ ಕರ್ನಾಟಕದಲ್ಲಿ ಹಾಡು ಬಲ್ಲ ಹೆಣ್ಣುಮಗಳಿಗೆ ತೆರೆದಿದ್ದ ಮುಖ್ಯ ದಾರಿ ವೃತ್ತಿರಂಗಭೂಮಿ. ಶಿರಹಟ್ಟಿಯ ವೆಂಕೋಬರಾವ್, ಗರುಡ ಸದಾಶಿವರಾವ್, ವಾಮನರಾವ್ ಮಾಸ್ತರ ಮೊದಲಾದವರ ಕಂಪನಿಗಳು ಊರೂರು ಸುತ್ತಿ ನಾಟಕ ಆಡುತ್ತಿದ್ದವು. ಬಾಲಕ ಮಲ್ಲಿಕಾರ್ಜುನ ಮನಸೂರ ಅವರು ಬಣ್ಣ ಹಚ್ಚಿದ್ದು ಇಂಥ ಕಂಪನಿಯಲ್ಲಿಯೇ. ಲಕ್ಷ್ಮೇಶ್ವರದ ಬಚ್ಚಾಸಾನಿಯಂಥವರು ಸ್ತ್ರೀಯರದೇ ನಾಟಕ ಮಂಡಳಿ ಕಟ್ಟಿ ತೋರಿಸಿದ್ದರು.

ಮೈಸೂರು ಸೀಮೆಯ ಹಾಗೂ ಮಹಾರಾಷ್ಟ್ರದ ಬಹುತೇಕ ಕಂಪನಿಗಳಲ್ಲಿ ಗಂಡಸರೇ ಸ್ತ್ರೀಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಉತ್ತರ ಕರ್ನಾಟಕದ ರಂಗಭೂಮಿಗೆ ಮಹಿಳೆಯರು ಬಂದರು. ಹಾಗೆ ಬಂದವರಲ್ಲಿ ಹೆಚ್ಚಿನವರು ಸಮಾಜವು ಗೌರವದ ಅಂಚಿನಿಂದ ಹೊರಗಿಟ್ಟ ಸಮುದಾಯಗಳವರು. ಅವರ ಕಂಠವನ್ನು ಸಮಾಜ ಮೆಚ್ಚಿತು. ಅವರ ಮನೆತನವನ್ನು ಮೆಚ್ಚಲಿಲ್ಲ. ಈ ಇಬ್ಬಂದಿತನವು ಅಮೀರ್‌ಬಾಯಿ ಸೋದರಿಯರ ಬದುಕಿನ ಉದ್ದಕ್ಕೂ ಹಿಂಬಾಲಿಸಿತು.

ರಂಗಭೂಮಿಯು ಇವರಿಗೆ ಎರಡು ಸಾಧನಗಳನ್ನು ಒದಗಿಸಿತು. ಒಂದು, ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಕೊನೆಯ ಸಾಲಿನವರಿಗೂ ಮುಟ್ಟುವಂಥ ತುಂಬುಕಂಠ. ಎರಡು, ಮಾತನ್ನು ನುಂಗದೆ, ಸ್ವರಕ್ಕಾಗಿ ಪದವನ್ನು ಬಲಿಕೊಡದೆ ಹಾಡುವ ಶಿಸ್ತು. ಹಿಂದೂಸ್ತಾನಿ ಸಂಗೀತದ ತಳಹದಿಯ ಮೇಲೆ ನಿಂತ ರಂಗಗೀತೆಯಲ್ಲಿ ರಾಗವು ಪಾತ್ರದ ಭಾವಕ್ಕೆ ಅಧೀನವಾಗಿರುತ್ತದೆ. ಚಿತ್ರಗೀತೆಗೆ ಬೇಕಾದದ್ದೂ ಇದೇ. ರಂಗದಿಂದ ತೆರೆಗೆ ದಾಟಿದ ಮೊದಲ ತಲೆಮಾರಿನ ಗಾಯಕಿಯರು ಯಶಸ್ವಿಯಾದುದಕ್ಕೆ ಇದು ಮುಖ್ಯ ಕಾರಣ.

ಅಕ್ಕ ಗೌಹರ್‌ಬಾಯಿ

ಅಮೀರ್‌ಬಾಯಿ ಅವರ ಬದುಕನ್ನು ಗೌಹರ್‌ಬಾಯಿ ಅವರನ್ನು ಬಿಟ್ಟು ನಿರೂಪಿಸಲು ಬಾರದು. ಮೊದಲಿಗೆ ಹೆಸರಿನ ಗೊಂದಲವೊಂದನ್ನು ನಿವಾರಿಸಿಕೊಳ್ಳುವುದು ಅಗತ್ಯ. 1902ರಲ್ಲಿ ಗ್ರಾಮಫೋನಿಗೆ ಹಾಡಿ ಖ್ಯಾತಿ ಪಡೆದ, ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಕಲ್ಕತ್ತೆಯವರು. ಚಂದೂಲಾಲ್ ಶಾ ಅವರೊಡನೆ ರಂಜಿತ್ ಸಂಸ್ಥೆಯನ್ನು ಕಟ್ಟಿದ ನಟಿ ಮಿಸ್ ಗೋಹರ್ ಬೇರೊಬ್ಬರು. ಬಿಜಾಪುರ ಸೀಮೆಯ ಗೌಹರ್‌ಬಾಯಿ ಕರ್ನಾಟಕಿ ಈ ಇಬ್ಬರಿಗಿಂತ ಭಿನ್ನರಾದ ಮೂರನೆಯವರು. ಲೇಖನಗಳಲ್ಲಿ ಈ ಮೂವರ ವಿವರಗಳು ಒಂದರೊಳಗೊಂದು ಬೆರೆತುಹೋಗಿರುವುದುಂಟು.

ಗೌಹರ್‌ಬಾಯಿ ಅವರು ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಗಾಯನಶೈಲಿಯನ್ನು ಮೈಗೂಡಿಸಿಕೊಂಡವರು. ಸ್ತ್ರೀಪಾತ್ರಗಳಿಂದಲೇ ಇಡೀ ಮಹಾರಾಷ್ಟ್ರವನ್ನು ಸೆರೆಹಿಡಿದಿದ್ದ ಬಾಲಗಂಧರ್ವರಿಗೆ ವಯಸ್ಸಾಗಿ, ಕಂಪನಿಯು ವಾಕ್ಚಿತ್ರದ ಪೈಪೋಟಿಯಲ್ಲಿ ಸೊರಗಿದ್ದ ಹೊತ್ತಿನಲ್ಲಿ, 1938ರ ಸುಮಾರಿಗೆ, ಗೌಹರ್‌ಬಾಯಿ ಅವರ ಕಂಪನಿಯನ್ನು ಸೇರಿದರು. ಗಂಡಸು ಆಡುತ್ತಿದ್ದ ಸ್ತ್ರೀಪಾತ್ರವನ್ನು ಅದೇ ಶೈಲಿಯಲ್ಲಿ ಹೆಣ್ಣು ಆಡತೊಡಗಿದ ಈ ಬದಲಾವಣೆ ಭಾರತೀಯ ರಂಗಭೂಮಿಯ ಚರಿತ್ರೆಯಲ್ಲಿ ಗಮನಾರ್ಹವಾದುದು. ಮುಂದೆ ಇಬ್ಬರೂ ಬಾಳಸಂಗಾತಿಗಳಾದರು. ಮರಾಠಿ ಪ್ರೇಕ್ಷಕವರ್ಗದ ಒಂದು ಭಾಗವು ಬಾಲಗಂಧರ್ವರ ಆರ್ಥಿಕ ಅಧಃಪತನಕ್ಕೆ ಗೌಹರ್‌ಬಾಯಿ ಅವರನ್ನೇ ಹೊಣೆಯಾಗಿಸಿತು. ಕಂಪನಿ ನಾಟಕಗಳ ಕುಸಿತಕ್ಕೆ ವಾಕ್ಚಿತ್ರ, ಸಾಲ, ವೈಭವದ ರಂಗಸಜ್ಜಿಕೆಯ ಖರ್ಚು ಮುಂತಾದ ಕಾರಣಗಳಿದ್ದರೂ ಆರೋಪಕ್ಕೆ ಸುಲಭವಾಗಿ ದೊರೆತವರು ಪರಸೀಮೆಯ, ಪರಧರ್ಮದ ಹೆಣ್ಣು. ಅವರು 1964ರಲ್ಲಿ ನಿಧನರಾದರು.

ಈ ಅಕ್ಕನೇ ತಂಗಿಗೆ ಚಿತ್ರರಂಗದ ಬಾಗಿಲು ತೆರೆದುಕೊಟ್ಟರು ಎಂಬುದು ಇಲ್ಲಿ ಮುಖ್ಯ ಸಂಗತಿ.

ಮುಂಬಯಿಯ ಮೊದಲ ವರ್ಷಗಳು

ಎಳೆಯ ವಯಸ್ಸಿನಲ್ಲಿಯೇ ಮುಂಬಯಿ ಸೇರಿದ ಅಮೀರ್‌ಬಾಯಿ ಅವರಿಗೆ ಮೊದಲು ಹೆಸರು ತಂದದ್ದು ಗ್ರಾಮಫೋನ್. ಎಚ್‌ಎಂವಿ ಕಂಪನಿಗಾಗಿ ಅವರು ಹಾಡಿದ ಕವ್ವಾಲಿಯೊಂದು ಜನಪ್ರಿಯವಾಯಿತು. ಮೂರೂವರೆ ನಿಮಿಷಕ್ಕೆ ಮುಗಿಯುವ 78 ಸುತ್ತಿನ ತಟ್ಟೆ ಆ ಕಾಲದ ಗಾಯಕಿಯರ ಪಾಲಿಗೆ ಒಂದು ಬಗೆಯ ಬಿಡುಗಡೆಯ ಸಾಧನ. ಮೆಹಫಿಲಿನಲ್ಲಿ ಗಾಯಕಿಯ ಮುಂದೆ ಕುಳಿತು ಕೇಳಲು ಸಂಕೋಚಪಡುತ್ತಿದ್ದ ಗೃಹಸ್ಥರ ಮನೆಗೂ ತಟ್ಟೆಯ ಮೂಲಕ ಆಕೆಯ ದನಿ ಪ್ರವೇಶಿಸಿತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲ ಅವರ ದನಿ ನಾಡಿಗೆ ಪರಿಚಯವಾದದ್ದೂ 1930ರ ದಶಕದ ಇಂಥ ತಟ್ಟೆಗಳಿಂದಲೇ.

1934ರಲ್ಲಿ ತೆರೆಕಂಡ 'ವಿಷ್ಣುಭಕ್ತಿ' ಅಮೀರ್‌ಬಾಯಿ ಅವರ ಮೊದಲ ಚಿತ್ರ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಿಡುಗಡೆಯಾದದ್ದೂ ಅದೇ ವರ್ಷ. ಈ ಕನ್ನಡ ಚಿತ್ರ ತಯಾರಾದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಕನ್ನಡ ನೆಲದಲ್ಲಿ ಚಿತ್ರನಿರ್ಮಾಣದ ಸೌಕರ್ಯವೇ ಇಲ್ಲದ, ವರ್ಷಕ್ಕೆ ಒಂದು ಕನ್ನಡ ಚಿತ್ರವೂ ಖಚಿತವಿಲ್ಲದ ಆ ಸಂದರ್ಭದಲ್ಲಿ ಬಿಜಾಪುರದ ಕಲಾವಿದೆಗೆ ಕನ್ನಡ ಚಿತ್ರರಂಗವೆಂಬುದು ಆಯ್ಕೆಯಾಗಿ ಇರಲೇ ಇಲ್ಲ. ಆಕೆ ಕನ್ನಡವನ್ನು ಬಿಟ್ಟು ಹಿಂದಿಗೆ ಹೋದಳು ಎಂಬ ಗ್ರಹಿಕೆಯು ಈ ವಾಸ್ತವವನ್ನು ಮರೆತಾಗ ಮಾತ್ರ ಹುಟ್ಟುತ್ತದೆ.

ಮೊದಲ ಕೆಲವು ವರ್ಷಗಳಲ್ಲಿ ಅವರು ತಮ್ಮ ಪಾತ್ರಕ್ಕೆ ತಾವೇ ಹಾಡುವ ನಟಿಯಾಗಿ ದುಡಿದರು. ಗಳಿಸಿದ ಹೆಸರು ದೊಡ್ಡದೇನಲ್ಲ. 1940ರಲ್ಲಿ ವಿಜಯ ಭಟ್ಟರ ನಿರ್ದೇಶನದಲ್ಲಿ ಬಂದ 'ನರಸೀ ಭಗತ್' ಅವರನ್ನು ಗಮನಕ್ಕೆ ತಂದಿತು. ವಿಷ್ಣುಪಂತ ಪಾಗನೀಸ್, ದುರ್ಗಾ ಖೋಟೆ ಅವರೊಡನೆ ಅಮೀರ್‌ಬಾಯಿ ಅದರಲ್ಲಿ ಅಭಿನಯಿಸಿದರು. ಗಾಂಧೀಜಿಯವರ ಪ್ರಾರ್ಥನಾ ಸಭೆಗಳ ಮೂಲಕ ದೇಶಕ್ಕೆಲ್ಲ ಪರಿಚಿತವಾಗಿದ್ದ ನರಸಿಂಹ ಮೆಹತಾ ಅವರ ಭಜನೆಗೆ ಈ ಚಿತ್ರದಲ್ಲಿ ಅಮೀರ್‌ಬಾಯಿ ದನಿಗೂಡಿಸಿದರು. ವೈಷ್ಣವ ಸಂತನ ಪದವೊಂದು ಬೀಳಗಿಯ ಮುಸ್ಲಿಂ ಹೆಣ್ಣುಮಗಳ ಕಂಠದಲ್ಲಿ ಗುಜರಾತಿನ ಮನೆಮನೆಗಳನ್ನು ತಲುಪಿದಾಗ ಅದನ್ನು ಯಾರೂ ವಿಚಿತ್ರವೆಂದು ಭಾವಿಸಲಿಲ್ಲ.

'ಕಿಸ್ಮತ್' ಮತ್ತು ಉತ್ಕರ್ಷದ ಕಾಲ

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' ತೆರೆಕಂಡಿತು. ಗ್ಯಾನ್ ಮುಖರ್ಜಿ ನಿರ್ದೇಶಿಸಿದ, ಅಶೋಕ್ ಕುಮಾರ್ ಹಾಗೂ ಮುಮ್ತಾಜ್ ಶಾಂತಿ ಅಭಿನಯಿಸಿದ ಈ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ. ನಾಯಕಿಗೆ ದನಿಯಾದವರು ಅಮೀರ್‌ಬಾಯಿ.

ಚಿತ್ರದ ನಾಯಕಿ ಕಾಲಿನ ಬಲ ಕಳೆದುಕೊಂಡ ರಂಗಕಲಾವಿದೆ. ರಂಗಮಂದಿರದ ವೇದಿಕೆಯ ಮೇಲೆ ಆಕೆ ಹಾಡುವ ಹಾಡುಗಳಿಗೆ ಕಥೆಯಲ್ಲಿ ಮುಖ್ಯ ಸ್ಥಾನವಿದೆ. ಕಂಪನಿ ರಂಗಭೂಮಿಯ ಹಿನ್ನೆಲೆಯ ಕಂಠ ಇಲ್ಲಿ ಎಷ್ಟು ಒಪ್ಪಿತು ಎಂಬುದನ್ನು ವಿವರಿಸಬೇಕಾಗಿಲ್ಲ. ಊರೆಲ್ಲ ದೀಪಾವಳಿಯ ಬೆಳಕಿನಲ್ಲಿರುವಾಗ ತನ್ನ ಮನೆ ಮಾತ್ರ ಕತ್ತಲಾಗಿರುವ ಅಳಲನ್ನು ಹೇಳುವ ಗೀತೆ, ಮೋಡವನ್ನು ಸದ್ದುಮಾಡದೆ ಬರುವಂತೆ ಬೇಡುವ ಜೋಗುಳ, ದೇವರಲ್ಲಿ ಮೊರೆಯಿಡುವ ಪ್ರಾರ್ಥನೆ ಇವು ಮೂರೂ ಬೇರೆ ಬೇರೆ ಭಾವದವು. ಮೂರರಲ್ಲಿಯೂ ಅಮೀರ್‌ಬಾಯಿ ದನಿಯನ್ನು ಎತ್ತರಿಸಿ ಬೆರಗುಗೊಳಿಸಲು ಹೋಗುವುದಿಲ್ಲ. ಮಧ್ಯಸಪ್ತಕದಲ್ಲಿಯೇ ನಿಂತು, ಪದದ ಕೊನೆಯಲ್ಲಿ ಸ್ವರವನ್ನು ಸ್ವಲ್ಪ ಒರಗಿಸಿ, ದುಃಖವನ್ನು ಅಳುವಾಗಲು ಬಿಡದೆ ಹಿಡಿದಿಡುತ್ತಾರೆ. ಈ ಸಂಯಮವೇ ಅವರ ಗಾಯನದ ವೈಶಿಷ್ಟ್ಯ.

ಇದೇ ಚಿತ್ರದಲ್ಲಿ ಖಾನ್ ಮಸ್ತಾನಾ ಅವರೊಡನೆ ಹಾಡಿದ ವೃಂದಗೀತೆಯು ಪರಕೀಯರು ದೂರ ಸರಿಯಬೇಕೆಂದು ಸಾರುತ್ತದೆ. 1942ರ ಚಲೇಜಾವ್ ಚಳವಳಿಯ ಕಾವು ಇನ್ನೂ ಆರಿರಲಿಲ್ಲ, ನಾಯಕರು ಸೆರೆಮನೆಯಲ್ಲಿದ್ದರು. ಹಾಡಿನಲ್ಲಿ ಜರ್ಮನಿ ಮತ್ತು ಜಪಾನಿನ ಹೆಸರು ಬಂದುದರಿಂದ ಅದು ಮಹಾಯುದ್ಧದ ಶತ್ರುಗಳ ವಿರುದ್ಧದ ಗೀತೆಯೆಂಬ ನೆಪದಲ್ಲಿ ಸೆನ್ಸಾರನ್ನು ದಾಟಿತು. ಪ್ರೇಕ್ಷಕರಿಗೆ ಮಾತ್ರ ಪರಕೀಯರು ಯಾರೆಂಬುದು ಸ್ಪಷ್ಟವಾಗಿತ್ತು. ಅಧಿಕಾರಿಗಳಿಗೂ ತಡವಾಗಿ ಅದು ತಿಳಿದು, ಕವಿ ಪ್ರದೀಪ್ ಬಂಧನದ ಭೀತಿಯಿಂದ ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು. ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಲಾವಣಿಕಾರರನ್ನೂ ನಾಟಕಕಾರರನ್ನೂ ಹೆಸರಿಸುವ ನಾವು, ದೇಶದ ಉದ್ದಗಲಕ್ಕೂ ಕೇಳಿಸಿದ ಈ ಹೋರಾಟದ ಹಾಡಿಗೆ ದನಿ ಕೊಟ್ಟ ಕನ್ನಡತಿಯನ್ನು ಅಲ್ಲಿ ಸೇರಿಸಿಕೊಳ್ಳದಿರುವುದು ಆಲೋಚನೆಗೆ ಎಡೆಮಾಡಬೇಕಾದ ಸಂಗತಿ.

'ಕಿಸ್ಮತ್' ನಂತರದ ಐದಾರು ವರ್ಷಗಳು ಅಮೀರ್‌ಬಾಯಿ ಅವರ ಉತ್ಕರ್ಷದ ಕಾಲ. 1944ರಲ್ಲಿ ನೌಷಾದ್ ಅವರ ಸಂಗೀತದ 'ರತನ್', ಖೇಮಚಂದ್ ಪ್ರಕಾಶ್ ಅವರ ಸಂಗೀತದ 'ಭರ್ತೃಹರಿ' ಬಂದವು. 1946ರ ಗುಜರಾತಿ ಚಿತ್ರ 'ರಾಣಕದೇವಿ'ಯಲ್ಲಿ ಅವರು ಹಾಡಿದ ಗೀತೆ ಗುಜರಾತಿ ಚಿತ್ರಸಂಗೀತದ ಮೊದಲ ದೊಡ್ಡ ಯಶಸ್ಸುಗಳಲ್ಲೊಂದು. ನಿರೂಪಾ ರಾಯ್ ಚಿತ್ರರಂಗಕ್ಕೆ ಬಂದದ್ದು ಇದೇ ಚಿತ್ರದಿಂದ. 1947ರಲ್ಲಿ ವಿಧವಾ ವಿವಾಹದ ಸಮಸ್ಯೆಯನ್ನು ಕುರಿತ ಕಿಶೋರ್ ಸಾಹು ಅವರ 'ಸಿಂಧೂರ್', ಸ್ವಾತಂತ್ರ್ಯದ ದಿನವೇ ತೆರೆಕಂಡ 'ಶಹನಾಯಿ' ಬಂದವು. ಸುಮಾರು 150 ಚಿತ್ರಗಳಲ್ಲಿ ಅವರು 380ರಷ್ಟು ಹಾಡುಗಳನ್ನು ಹಾಡಿದ್ದಾರೆಂದು ಎಣಿಸಲಾಗಿದೆ. ಕನ್ನಡ ಕೋಕಿಲೆ ಎಂಬ ಬಿರುದು ಅವರಿಗೆ ಅಂಟಿಕೊಂಡಿತು. ಹಿಂದಿ ಹಾಡುಗಳಿಂದ ಖ್ಯಾತರಾದವರನ್ನು ಕೇಳುಗರು ಕನ್ನಡದ ಹೆಸರಿನಿಂದ ಗುರುತಿಸಿದರು ಎಂಬುದು ಇಲ್ಲಿ ಲಕ್ಷಿಸಬೇಕಾದ ಅಂಶ.

ಸಂಗೀತ ನಿರ್ದೇಶಕಿ

1948ರಲ್ಲಿ 'ಶಹನಾಜ್' ಎಂಬ ಚಿತ್ರಕ್ಕೆ ಅಮೀರ್‌ಬಾಯಿ ಸಂಗೀತ ನಿರ್ದೇಶನ ಮಾಡಿದರು. ಇದರ ಮಹತ್ವವನ್ನು ಅರಿಯಲು ಆ ಕಾಲದ ಚಿತ್ರರಂಗದ ಕಾರ್ಯವಿಭಜನೆಯನ್ನು ಗಮನಿಸಬೇಕು. ಮಹಿಳೆಗೆ ಅಲ್ಲಿ ಎರಡೇ ಸ್ಥಾನಗಳಿದ್ದವು: ಕ್ಯಾಮೆರಾದ ಮುಂದೆ ಮತ್ತು ಮೈಕಿನ ಮುಂದೆ. ವಾದ್ಯಗಾರರ ತಂಡವನ್ನು ನಡೆಸುವ, ಧಾಟಿಯನ್ನು ನಿರ್ಣಯಿಸುವ, ಗಾಯಕರಿಗೆ ಹೇಳಿಕೊಡುವ ಸ್ಥಾನ ಗಂಡಸರದು. 1935ರಲ್ಲಿ ಜದ್ದನ್‌ಬಾಯಿ ತಮ್ಮದೇ ಚಿತ್ರಕ್ಕೆ ಸಂಗೀತ ನೀಡಿದ್ದರು. ಬಾಂಬೆ ಟಾಕೀಸ್‌ನಲ್ಲಿ ಸರಸ್ವತಿ ದೇವಿ ಎಂಬ ಹೆಸರಿನಿಂದ ದುಡಿದ ಪಾರಸಿ ಮಹಿಳೆ ಖುರ್ಷಿದ್ ಹೋಮ್ಜಿ ಅವರು ಹಲವು ವರ್ಷ ಆ ಸ್ಥಾನವನ್ನು ಉಳಿಸಿಕೊಂಡಿದ್ದರು. ಈ ಕಿರುಪಟ್ಟಿಗೆ ಅಮೀರ್‌ಬಾಯಿ ಅವರ ಹೆಸರೂ ಸೇರುತ್ತದೆ. ಮುಂದೆ 1959ರಲ್ಲಿ ಉಷಾ ಖನ್ನಾ ಬರುವವರೆಗೆ ಹಿಂದಿಯಲ್ಲಿ ದೀರ್ಘಕಾಲ ನೆಲೆನಿಂತ ಮಹಿಳಾ ಸಂಗೀತ ನಿರ್ದೇಶಕಿ ಕಾಣಸಿಗುವುದಿಲ್ಲ.

ಕನ್ನಡದ ಸಂದರ್ಭದೊಂದಿಗೆ ಇದನ್ನು ಹೋಲಿಸಬಹುದು. 'ಕಿಸ್ಮತ್' ತೆರೆಕಂಡ 1943ರಲ್ಲಿಯೇ ನಟಿ ಎಂ.ವಿ. ರಾಜಮ್ಮ ಅವರು 'ರಾಧಾರಮಣ' ಚಿತ್ರವನ್ನು ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿಯಾದರು. ಆದರೆ ನಿರ್ದೇಶನದ ಹೊಣೆ ಮಹಿಳೆಗೆ ಬಂದು, ಪ್ರೇಮಾ ಕಾರಂತರ 'ಫಣಿಯಮ್ಮ' ತೆರೆಕಾಣಲು ಮತ್ತೆ ನಾಲ್ಕು ದಶಕಗಳು ಬೇಕಾದವು. ಹಾಡುವ, ಅಭಿನಯಿಸುವ ಹೆಣ್ಣನ್ನು ಒಪ್ಪಿಕೊಂಡ ಉದ್ಯಮವು ನಿರ್ಣಯಿಸುವ ಹೆಣ್ಣನ್ನು ಒಪ್ಪಿಕೊಳ್ಳಲು ತೆಗೆದುಕೊಂಡ ಕಾಲಾವಧಿಯಿದು. ಅಮೀರ್‌ಬಾಯಿ ಅವರ ಸಂಗೀತ ನಿರ್ದೇಶನ ಮುಂದುವರಿಯದೆ ಹೋದುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು.

ಖಾಸಗಿ ಬದುಕು

ಅಮೀರ್‌ಬಾಯಿ ಅವರು ಖಳಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರನ್ನು ವಿವಾಹವಾದರು. ಅವರ ನಿಜನಾಮ ಅಫ್ಜಲ್ ಖುರೇಷಿ. ಈ ದಾಂಪತ್ಯ ಅತ್ಯಂತ ಕ್ಲೇಶಕರವಾಗಿತ್ತು. ಪತಿಯ ಹೊಡೆತ, ಹಿಂಸೆಗಳನ್ನೂ ತಾವು ಗಳಿಸಿದ ಹಣದ ಮೇಲೆ ಅವರು ಚಲಾಯಿಸುತ್ತಿದ್ದ ಅಧಿಕಾರವನ್ನೂ ಅಮೀರ್‌ಬಾಯಿ ಸಹಿಸಬೇಕಾಯಿತು. ಲಕ್ಷಾಂತರ ಕೇಳುಗರಿಗೆ ಸಾಂತ್ವನ ನೀಡಿದ ದನಿಯ ಒಡತಿ ತನ್ನ ಮನೆಯಲ್ಲಿ ಅಸಹಾಯಕಳಾಗಿದ್ದ ಈ ಸ್ಥಿತಿಯನ್ನು ವೈಯಕ್ತಿಕ ದುರದೃಷ್ಟವೆಂದು ಬದಿಗಿಡಲಾಗದು. ರಂಗದಲ್ಲಿಯೂ ಚಿತ್ರರಂಗದಲ್ಲಿಯೂ ದುಡಿದ ಆ ತಲೆಮಾರಿನ ಅನೇಕ ನಟಿಯರು ಕುಟುಂಬದ ಅನ್ನದಾತರಾಗಿದ್ದರು. ಅದೇ ಕುಟುಂಬದಲ್ಲಿ ಯಜಮಾನ್ಯ ಅವರದಾಗಿರಲಿಲ್ಲ. ಹಿತೈಷಿಗಳ ನೆರವಿನಿಂದ ಅಮೀರ್‌ಬಾಯಿ ಈ ಬಂಧನದಿಂದ ಹೊರಬಂದರು. ವಿಚ್ಛೇದನವೆಂಬುದು ಹೆಣ್ಣಿಗೆ ಅಪಕೀರ್ತಿಯೆಂದು ಎಣಿಸುತ್ತಿದ್ದ ಕಾಲದಲ್ಲಿ ಅವರು ತೆಗೆದುಕೊಂಡ ಈ ನಿಲುವು ದಿಟ್ಟವಾದುದು. ದೇಶವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಚಿತ್ರರಂಗದಲ್ಲಿ ನೆಲೆಸಿದರು.

ಅನಂತರ ಅಮೀರ್‌ಬಾಯಿ ಅವರು 'ಪಾರಸ್' ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಈ ದಾಂಪತ್ಯವು ಅವರಿಗೆ ನೆಮ್ಮದಿ ತಂದಿತು. ನೂರ್‌ಜಹಾನ್ ಮುಂತಾದ ಅನೇಕ ಕಲಾವಿದರು ವಿಭಜನೆಯ ಹೊತ್ತಿನಲ್ಲಿ ಪಾಕಿಸ್ತಾನಕ್ಕೆ ಹೋದರು. ಅಮೀರ್‌ಬಾಯಿ ಇಲ್ಲಿಯೇ ಉಳಿದರು. ಅವರು ಮುಂಬಯಿಯಲ್ಲಿ ದುಡಿದರೂ ಬಿಜಾಪುರದೊಡನೆ ನಂಟು ಕಡಿದುಕೊಂಡಿರಲಿಲ್ಲ. ಅವರ ಹೆಸರಿನಲ್ಲಿ ಬಿಜಾಪುರ ನಗರದಲ್ಲಿ ನಿಂತ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರ ಈ ನಂಟಿಗೆ ಸಾಕ್ಷಿ.

ಬದಲಾದ ಅಭಿರುಚಿ

1949-50ರ ಹೊತ್ತಿಗೆ ಹಿಂದಿ ಚಿತ್ರಸಂಗೀತದಲ್ಲಿ ದೊಡ್ಡ ಪಲ್ಲಟವುಂಟಾಯಿತು. 1935ರ ಸುಮಾರಿಗೆ ಕಲ್ಕತ್ತೆಯಲ್ಲಿ ಆರಂಭವಾದ ಹಿನ್ನೆಲೆ ಗಾಯನದ ಪದ್ಧತಿ ಆ ವೇಳೆಗೆ ಪೂರ್ಣವಾಗಿ ನೆಲೆಯೂರಿತ್ತು. ಹಾಡಬಲ್ಲವಳೇ ನಟಿಯಾಗಬೇಕೆಂಬ ನಿಯಮ ಸಡಿಲವಾಗಿ, ನಟನೆ ಮತ್ತು ಗಾಯನ ಬೇರೆ ಬೇರೆ ವೃತ್ತಿಗಳಾದವು. ಧ್ವನಿಗ್ರಹಣದ ತಂತ್ರ ಸುಧಾರಿಸಿದಂತೆ ಸಣ್ಣ, ತೆಳುವಾದ, ಮೇಲಿನ ಸಪ್ತಕದಲ್ಲಿ ಸಲೀಸಾಗಿ ಚಲಿಸುವ ಕಂಠವೂ ಸ್ಪಷ್ಟವಾಗಿ ದಾಖಲಾಗತೊಡಗಿತು. 1949ರ 'ಮಹಲ್' ಚಿತ್ರದ ಹಾಡಿನ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಬದಲು ಚಿತ್ರದ ಪಾತ್ರ ಕಾಮಿನಿಯ ಹೆಸರಿತ್ತು. ಕೇಳುಗರು ಗಾಯಕಿ ಯಾರೆಂದು ವಿಚಾರಿಸಿದರು. ಲತಾ ಮಂಗೇಶ್ಕರ್ ಅವರ ಯುಗ ಹೀಗೆ ಆರಂಭವಾಯಿತು.

ಇದನ್ನು ಕೇವಲ ತಾಂತ್ರಿಕ ಬದಲಾವಣೆ ಎಂದು ಭಾವಿಸುವಂತಿಲ್ಲ. ಸ್ವಾತಂತ್ರ್ಯಾನಂತರದ ಮಧ್ಯಮವರ್ಗವು ನಾಯಕಿಯಲ್ಲಿ ಗೃಹಿಣಿಯ ಮುಗ್ಧತೆಯನ್ನು ಬಯಸಿತು. ಮೆಹಫಿಲಿನ, ಡೇರೆಯ, ಕೊಠಿಯ ನೆನಪು ತರುವ ಭಾರವಾದ ಕಂಠಗಳು ಅದಕ್ಕೆ ಹಳೆಯವೆನಿಸಿದವು. ಅಮೀರ್‌ಬಾಯಿ, ಜೋಹ್ರಾಬಾಯಿ ಅಂಬಾಲೇವಾಲಿ, ರಾಜಕುಮಾರಿ ಮುಂತಾದವರು ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಬೇಕಾಯಿತು. 1950ರ 'ಸಮಾಧಿ' ಚಿತ್ರದಲ್ಲಿ ಸಿ. ರಾಮಚಂದ್ರ ಅವರು ಪಾಶ್ಚಾತ್ಯ ಧಾಟಿಯೊಂದನ್ನು ಅಳವಡಿಸಿದ ಯುಗಳಗೀತೆಯಲ್ಲಿ ಅಮೀರ್‌ಬಾಯಿ ಮತ್ತು ಲತಾ ಒಟ್ಟಿಗೆ ಹಾಡಿದ್ದಾರೆ. ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್ ತೆರೆಯ ಮೇಲೆ ಹೆಜ್ಜೆಹಾಕಿದ ಈ ಹಾಡು ಅಪಾರ ಜನಪ್ರಿಯವಾಯಿತು. ನಿರ್ಗಮಿಸುವ ತಲೆಮಾರು ಮತ್ತು ಆಗಮಿಸುವ ತಲೆಮಾರು ಒಂದೇ ತಟ್ಟೆಯಲ್ಲಿ ಸಂಧಿಸಿದ ದಾಖಲೆಯಾಗಿ ಅದನ್ನು ಕೇಳಬಹುದು. ಅಮೀರ್‌ಬಾಯಿ ಅವರ ದನಿ ಅಲ್ಲಿ ಸೋತಂತೆ ಕೇಳಿಸುವುದಿಲ್ಲ. ಲವಲವಿಕೆಯಲ್ಲಿ ಸರಿಸಮವಾಗಿಯೇ ನಿಲ್ಲುತ್ತದೆ.

ಹಾಡುವ ಅವಕಾಶಗಳು ಕ್ಷೀಣಿಸಿದ ಮೇಲೆ ಅವರು ಮತ್ತೆ ನಟನೆಗೆ ಮರಳಿ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. ಒಂದು ಕಾಲಕ್ಕೆ ನಾಯಕಿಯರಿಗೆ ದನಿಯಾಗಿದ್ದವರು ಸಣ್ಣಪುಟ್ಟ ಪಾತ್ರಗಳಲ್ಲಿ ಮೌನವಾಗಿ ಹಾದುಹೋಗಬೇಕಾಯಿತು. 1965ರ ಮಾರ್ಚ್ 3ರಂದು, ಲಕ್ವ ಹೊಡೆದ ಕೆಲವೇ ದಿನಗಳಲ್ಲಿ ಅವರು ನಿಧನರಾದರು. ಅವರ ದೇಹವನ್ನು ಬಿಜಾಪುರದ ಮಣ್ಣಿನಲ್ಲಿ ದಫನು ಮಾಡಲಾಯಿತು.

ಹೆಸರಿನ ಅರ್ಥ

ಅಮೀರ್‌ಬಾಯಿ ಅವರ ಹೆಸರಿನ ಮುಂದಿನ ಕರ್ನಾಟಕಿ ಎಂಬ ಪದವು ವಿಶೇಷ ವಿವೇಚನೆಗೆ ಅರ್ಹವಾಗಿದೆ. ಅಂಬಾಲೇವಾಲಿ, ಹಾನಗಲ್ಲ, ಗುಳೇದಗುಡ್ಡ ಎಂಬಂತೆ ಊರಿನ ಹೆಸರನ್ನು ಅಂಟಿಸಿಕೊಳ್ಳುವುದು ಗಾಯಕಿಯರಲ್ಲಿ, ನಟಿಯರಲ್ಲಿ ರೂಢಿ. ತಂದೆಯ ಅಥವಾ ಗಂಡನ ಹೆಸರಿನಿಂದ ಗುರುತಿಸಿಕೊಳ್ಳುವ ಅವಕಾಶವನ್ನು ಸಮಾಜ ನಿರಾಕರಿಸಿದ್ದ ಮಹಿಳೆಯರಿಗೆ ಊರು ಆ ಸ್ಥಾನವನ್ನು ತುಂಬಿಕೊಟ್ಟಿತು. ಆದರೆ ಬೀಳಗಿ ಸೋದರಿಯರು ತಮ್ಮ ಊರನ್ನಾಗಲಿ ಬಿಜಾಪುರವನ್ನಾಗಲಿ ಧರಿಸದೆ ಇಡೀ ನಾಡಿನ ಹೆಸರನ್ನೇ ಧರಿಸಿದರು.

ಇವರು ಈ ಹೆಸರಿನಿಂದ ಪ್ರಸಿದ್ಧರಾದ 1930ರ ದಶಕದಲ್ಲಿ ಕರ್ನಾಟಕವೆಂಬ ಆಡಳಿತ ಘಟಕವೇ ಇರಲಿಲ್ಲ. ಕನ್ನಡ ಜಿಲ್ಲೆಗಳು ಹಲವು ಪ್ರಾಂತ, ಸಂಸ್ಥಾನಗಳಲ್ಲಿ ಹಂಚಿಹೋಗಿದ್ದವು. ಏಕೀಕರಣದ ಕೂಗು ಎದ್ದಿತ್ತು, ಫಲಿಸಿರಲಿಲ್ಲ. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗಲೂ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕ ಎಂದು ನಾಮಕರಣವಾಯಿತು. ಆಗ ಅಮೀರ್‌ಬಾಯಿ ತೀರಿಕೊಂಡು ಎಂಟು ವರ್ಷಗಳು ಸಂದಿದ್ದವು. ರಾಜ್ಯವೊಂದು ತನ್ನ ಹೆಸರನ್ನು ಪಡೆಯುವ ನಾಲ್ಕು ದಶಕಗಳ ಮೊದಲೇ ಆ ಹೆಸರನ್ನು ಗ್ರಾಮಫೋನ್ ತಟ್ಟೆಗಳ ಮೇಲೆ, ಚಿತ್ರಮಂದಿರಗಳ ಭಿತ್ತಿಪತ್ರಗಳ ಮೇಲೆ ದೇಶಕ್ಕೆಲ್ಲ ತಲುಪಿಸಿದವರು ಮುಸ್ಲಿಂ ಮನೆತನದ ಇಬ್ಬರು ಹೆಣ್ಣುಮಕ್ಕಳು. ಆಲೂರ ವೆಂಕಟರಾಯರು ಲೇಖನಿಯಿಂದ ಕಟ್ಟಲು ಯತ್ನಿಸಿದ ನಾಡಿನ ಹೆಸರನ್ನು ಈ ಸೋದರಿಯರು, ಅಂಥ ಸಂಕಲ್ಪವೇನೂ ಇಲ್ಲದೆ, ಕಂಠದಿಂದ ಸಾರಿದರು. ನಾಡುನುಡಿಯ ಅಭಿಮಾನದ ಚರಿತ್ರೆಯು ಮೊದಲನೆಯದನ್ನು ದಾಖಲಿಸಿದೆ, ಎರಡನೆಯದನ್ನು ದಾಖಲಿಸಿಲ್ಲ.

ಸಮಾರೋಪ

ಒಟ್ಟಾರೆಯಾಗಿ ಅಮೀರ್‌ಬಾಯಿ ಕರ್ನಾಟಕಿ ಅವರ ಬದುಕು ಮೂರು ನೆಲೆಗಳಲ್ಲಿ ಮುಖ್ಯವೆನಿಸುತ್ತದೆ. ಕಂಪನಿ ರಂಗಭೂಮಿ, ಗ್ರಾಮಫೋನ್, ವಾಕ್ಚಿತ್ರ ಎಂಬ ಮೂರು ಮಾಧ್ಯಮಗಳು ಒಂದರಿಂದೊಂದು ಕವಲೊಡೆದ ಕಾಲಘಟ್ಟವನ್ನು ಅದು ಪ್ರತಿನಿಧಿಸುತ್ತದೆ. ಕಲೆಯಿಂದ ಆರ್ಥಿಕ ಸ್ವಾತಂತ್ರ್ಯ ಪಡೆದ ಮಹಿಳೆಯು ಕುಟುಂಬದಲ್ಲಿ, ಉದ್ಯಮದಲ್ಲಿ ಎದುರಿಸಿದ ಮಿತಿಗಳನ್ನು ತೋರಿಸಿಕೊಡುತ್ತದೆ. ಭಾಷಾವಾರು ಗಡಿಗಳು ರೂಪುಗೊಳ್ಳುವ ಮುನ್ನ ಈ ಸೀಮೆಯ ಕಲಾವಿದರು ಬದುಕಿದ ಬಹುಭಾಷಿಕ ಜಗತ್ತನ್ನು ನೆನಪಿಗೆ ತರುತ್ತದೆ.

ಬಿಜಾಪುರ, ಬಾಗಲಕೋಟೆ, ಕಲಬುರ್ಗಿ ಭಾಗಗಳಲ್ಲಿ ಅಮೀರ್‌ಬಾಯಿ ಅವರಂತೆಯೇ ರಂಗದ ಮೇಲೆ ಹಾಡಿ, ತಟ್ಟೆಗೆ ದನಿಕೊಟ್ಟು, ಹೆಸರಿಲ್ಲದೆ ಮರೆಯಾದ ಗಾಯಕಿ-ನಟಿಯರು ಇನ್ನೂ ಅನೇಕರಿದ್ದಾರೆ. ಅವರ ನೆನಪುಗಳು ಹಳೆಯ ಕರಪತ್ರಗಳಲ್ಲಿ, ಸವೆದ ತಟ್ಟೆಗಳಲ್ಲಿ, ವೃದ್ಧ ಕಲಾವಿದರ ಮಾತುಗಳಲ್ಲಿ ಚದುರಿವೆ. ಕನ್ನಡದಲ್ಲಿ ಹಾಡಿದವರನ್ನು ಮಾತ್ರ ಎಣಿಸುವ ಚರಿತ್ರೆಯಿಂದ ಹೊರಬಂದು, ಕನ್ನಡ ನೆಲದಿಂದ ಹಾಡಿದವರೆಲ್ಲರನ್ನೂ ಒಳಗೊಳ್ಳುವ ಚರಿತ್ರೆಯನ್ನು ಬರೆಯಬೇಕಾದರೆ ಈ ಆಕರಗಳ ಸಂಗ್ರಹ ಮೊದಲು ಆಗಬೇಕು. ತಟ್ಟೆಗಳು ಒಡೆಯುವ ವಸ್ತುಗಳು, ಹಿರಿಯರ ಆಯುಷ್ಯವೂ ಸೀಮಿತ. ಆದ್ದರಿಂದ ಈ ಕ್ಷೇತ್ರಕಾರ್ಯವನ್ನು ಈ ಭಾಗದ ಸಂಶೋಧಕರು ತಡಮಾಡದೆ ಕೈಗೆತ್ತಿಕೊಳ್ಳಬೇಕಾಗಿದೆ.